ಅಡುಗೆಮನೆಗೆ ಅಟ್ಟಿದ ಪ್ರಶ್ನೆಗಳು

2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯ ಎರಡೂ ಪ್ರಮುಖ ಪಕ್ಷಗಳು ಮಹಿಳೆಯರಿಗೆ ಟಿಕೆಟ್ ಕೊಟ್ಟಿದ್ದವು. ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ. ಆ ಕ್ಷೇತ್ರದಿಂದ ಸತತ ನಾಲ್ಕು ಸಲ ಗೆದ್ದಿದ್ದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ. ಕಾಂಗ್ರೆಸ್ಸಿನಿಂದ ಡಾ. ಪ್ರಭಾ ಮಲ್ಲಿಕಾರ್ಜುನ, ಸಚಿವ ಎಸ್.ಎಸ್. ಮಲ್ಲಿಕಾರ್ಜುನ ಅವರ ಪತ್ನಿ, ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪ ಅವರ ಸೊಸೆ. ಪ್ರಚಾರ ಕಾವೇರುತ್ತಿದ್ದ ಮಾರ್ಚ್ ಕೊನೆಯಲ್ಲಿ ಶಾಮನೂರು ಅವರು ಎದುರಾಳಿ ಅಭ್ಯರ್ಥಿಗೆ ಮಾತನಾಡಲೂ ಬರುವುದಿಲ್ಲ, ಅವರು ಅಡುಗೆಮನೆಯಲ್ಲಿ ಅಡುಗೆ ಮಾಡಲಷ್ಟೇ ಲಾಯಕ್ಕು ಎಂಬರ್ಥದ ಮಾತು ಆಡಿದರು. ಮುಂದಿನದು ಎಲ್ಲರಿಗೂ ಗೊತ್ತಿರುವ ದಾರಿ. ಟಿವಿಯಲ್ಲಿ ದಿನವಿಡೀ ಅದೇ ತುಣುಕು, ಚುನಾವಣಾ ಆಯೋಗಕ್ಕೆ ದೂರು, ಖಂಡನೆ, ಸಮರ್ಥನೆ. ಗಾಯತ್ರಿ ಅವರೂ ಉತ್ತರ ಕೊಟ್ಟರು. ಹೆಣ್ಣುಮಕ್ಕಳು ಇವತ್ತು ಯಾವ ಕ್ಷೇತ್ರದಲ್ಲಿಲ್ಲ, ಆಕಾಶದಲ್ಲಿ ಹಾರಾಡುತ್ತಿಲ್ಲವೇ, ಮನೆಯವರಿಗೆ ಅಡುಗೆ ಮಾಡಿ ಬಡಿಸುವುದರ ಹಿಂದಿನ ಪ್ರೀತಿ ಈ ಹಿರಿಯರಿಗೆ ತಿಳಿಯದೇ ಎಂಬುದು ಅದರ ಸಾರ. ಉತ್ತರ ತಕ್ಕುದಾಗಿಯೇ ಇತ್ತು. ಆದರೆ ದಾವಣಗೆರೆಯ ಮತದಾರನಿಗೆ ಇವೆರಡು ಮಾತುಗಳಿಂದ ಆ ಕ್ಷೇತ್ರದ ಬಗ್ಗೆ ತಿಳಿದದ್ದು ಏನೂ ಇಲ್ಲ.

ಗಾಯತ್ರಿ ಸಿದ್ದೇಶ್ವರ ಅವರಿಗೆ ಕೇಳಬೇಕಾದ ಪ್ರಶ್ನೆಗಳೇ ಇರಲಿಲ್ಲವೆಂದಲ್ಲ. ಎರಡು ದಶಕ ಗಂಡ ಸಂಸದರಾಗಿದ್ದ ಕ್ಷೇತ್ರಕ್ಕೆ ಹೆಂಡತಿಯೇ ಏಕೆ, ಪಕ್ಷದಲ್ಲಿ ಬೇರೆ ಕಾರ್ಯಕರ್ತೆಯರು ಇರಲಿಲ್ಲವೇ, ಇಷ್ಟು ವರ್ಷ ಅವರು ಮಾಡಿದ ಸಾರ್ವಜನಿಕ ಕೆಲಸ ಯಾವುದು ಎಂದು ಯಾರಾದರೂ ನೇರವಾಗಿ ಕೇಳಿದ್ದರೆ ಅದು ಕಟುವಾದರೂ ನ್ಯಾಯವಾದ ಟೀಕೆ ಆಗುತ್ತಿತ್ತು. ಶಾಮನೂರು ಅವರಿಗೆ ಅದನ್ನು ಕೇಳುವ ಹಾಗಿರಲಿಲ್ಲ. ಕೇಳಿದ್ದರೆ ಅದೇ ಪ್ರಶ್ನೆ ತಿರುಗಿ ತಮ್ಮ ಮನೆಯ ಬಾಗಿಲಿಗೇ ಬರುತ್ತಿತ್ತು. (ಈ ಲೇಖನವೂ ಇಬ್ಬರು ಅಭ್ಯರ್ಥಿಗಳನ್ನು ಅವರವರ ಗಂಡಂದಿರ ಹೆಸರು ಹೇಳಿಯೇ ಪರಿಚಯಿಸಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಟಿಕೆಟ್ ಬಂದ ದಾರಿ ಅದೇ ಆಗಿರುವಾಗ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.) ಕುಟುಂಬ ರಾಜಕಾರಣದ ಪ್ರಶ್ನೆ ಹೀಗೆ ಅಡುಗೆಮನೆಯ ಹೊಗೆಯಲ್ಲಿ ಮರೆಯಾಯಿತು. ಪ್ರಭಾ ಮಲ್ಲಿಕಾರ್ಜುನ ಗೆದ್ದರು. ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಸಂಗ ಎರಡೂ ಕುಟುಂಬಗಳಿಗೆ ಬರಲಿಲ್ಲ.

ರಾಜಕಾರಣದಲ್ಲಿರುವ ಹೆಣ್ಣುಮಕ್ಕಳನ್ನು ಹೀಗಳೆಯುವ ಮಾತನ್ನು ನಾವು ಸಾಮಾನ್ಯವಾಗಿ ಸಭ್ಯತೆಯ ವಿಷಯವೆಂದು ನೋಡುತ್ತೇವೆ. ಯಾರೋ ನಾಲಿಗೆ ಹರಿಬಿಟ್ಟರು, ಇನ್ಯಾರಿಗೋ ನೋವಾಯಿತು, ಕ್ಷಮೆ ಕೇಳಿದರೆ ಮುಗಿಯಿತು. ಈ ಲೆಕ್ಕ ಸರಿಯಲ್ಲ. ನೋವು ನಿಜವೇ ಇರಬಹುದು, ಆದರೆ ದೊಡ್ಡ ನಷ್ಟ ಆಗುವುದು ಬೇರೆ ಕಡೆ. ಇಂಥ ಮಾತು ಚರ್ಚೆಯಲ್ಲಿದ್ದ ಪ್ರಶ್ನೆಯನ್ನು ನುಂಗಿಬಿಡುತ್ತದೆ. ಬೈದವರು ಆ ಪ್ರಶ್ನೆ ಕೇಳಿದಂತಾಗುವುದಿಲ್ಲ, ಬೈಸಿಕೊಂಡವರು ಉತ್ತರಿಸಿದಂತಾಗುವುದಿಲ್ಲ. ನಡುವೆ ಎರಡೂ ಪಕ್ಷಗಳಿಗೆ ಒಂದು ವಾರದ ಬಿಡುವು ಸಿಗುತ್ತದೆ.

ಇದಕ್ಕೆ ಇನ್ನೂ ಸ್ಪಷ್ಟವಾದ ಉದಾಹರಣೆ ಅದೇ ಚುನಾವಣೆಯಲ್ಲಿ ತುಮಕೂರು ಜಿಲ್ಲೆಯಿಂದ ಬಂತು. ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳಿಂದ ಹಳ್ಳಿಯ ತಾಯಂದಿರು ದಾರಿ ತಪ್ಪಿದ್ದಾರೆ ಎಂಬ ಮಾತನ್ನು ಎಚ್.ಡಿ. ಕುಮಾರಸ್ವಾಮಿ ಆಡಿದರು. ಗೃಹಲಕ್ಷ್ಮಿಯಡಿ ತಿಂಗಳಿಗೆ 2,000 ರೂಪಾಯಿ, ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ: ಇವುಗಳಿಗೆ ದುಡ್ಡು ಎಲ್ಲಿಂದ, ಬೊಕ್ಕಸ ಎಷ್ಟು ದಿನ ತಾಳುತ್ತದೆ, ರಸ್ತೆ-ಶಾಲೆ-ನೀರಾವರಿಗೆ ಏನು ಉಳಿಯುತ್ತದೆ ಎಂದು ಕೇಳುವುದು ವಿರೋಧ ಪಕ್ಷದ ಹಕ್ಕು, ಕರ್ತವ್ಯ ಕೂಡ. ಮುಖ್ಯಮಂತ್ರಿಯಾಗಿ ಬಜೆಟ್ ಮಂಡಿಸಿದ್ದ ಅವರಿಗೆ ಅದನ್ನು ಅಂಕಿಅಂಶ ಸಮೇತ ಕೇಳುವ ಅನುಭವವೂ ಇತ್ತು. ಆದರೆ ‘ದಾರಿ ತಪ್ಪಿದ್ದಾರೆ’ ಎಂದ ಮೇಲೆ ಬೊಕ್ಕಸದ ಮಾತು ಯಾರ ಕಿವಿಗೂ ಬೀಳಲಿಲ್ಲ. ಕನ್ನಡದಲ್ಲಿ ಹೆಣ್ಣಿನ ವಿಷಯಕ್ಕೆ ಆ ನುಡಿಗಟ್ಟು ಬಳಸಿದರೆ ಏನು ಕೇಳಿಸುತ್ತದೆಂದು ವಿವರಿಸಬೇಕಿಲ್ಲ. ಮಹಿಳಾ ಆಯೋಗ ಎಚ್ಚೆತ್ತಿತು, ಪ್ರತಿಭಟನೆ ನಡೆಯಿತು, ನನ್ನ ಮಾತಿನ ಅರ್ಥ ಅದಾಗಿರಲಿಲ್ಲ ಎಂಬ ವಿವರಣೆಯೂ ವಿಷಾದವೂ ಬಂತು. ಆಳುವ ಕಾಂಗ್ರೆಸ್ ಪಕ್ಷಕ್ಕಂತೂ ಅದು ಕರೆಯದೆ ಬಂದ ಸೌಭಾಗ್ಯ. ಹಣಕಾಸಿನ ಪ್ರಶ್ನೆಗೆ ಉತ್ತರಿಸುವ ಬದಲು ಮಹಿಳೆಯರ ಮಾನದ ಪರವಾಗಿ ನಿಂತು ಮಾತನಾಡಿದರೆ ಸಾಕಾಯಿತು. ಗ್ಯಾರಂಟಿಯ ಹಣ ಪಡೆಯುವ ಮಹಿಳೆ ಈ ಇಡೀ ಗದ್ದಲದಲ್ಲಿ ಒಂದು ಕಡೆ ದಾರಿ ತಪ್ಪಿದವಳು, ಇನ್ನೊಂದು ಕಡೆ ಮಾನ ಕಾಪಾಡಬೇಕಾದವಳು. ಲೆಕ್ಕ ಕೇಳುವ ಮತದಾರಳು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಇದು ಚುನಾವಣೆಯ ಒಂದು ವಾರದ ನಷ್ಟವಾದರೆ, ದಶಕಗಳ ಕಾಲ ಬಾಧಿಸಿದ ನಷ್ಟವೂ ಇದೆ. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿಡುವ ಮಸೂದೆ ಮೊದಲು ಲೋಕಸಭೆಗೆ ಬಂದದ್ದು 1996ರಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಅದನ್ನು ವಿರೋಧಿಸಿದ ಹಿಂದುಳಿದ ವರ್ಗಗಳ ನಾಯಕರ ಬಳಿ ಒಂದು ತೂಕದ ಪ್ರಶ್ನೆಯಿತ್ತು: ಒಳಮೀಸಲಾತಿ ಇಲ್ಲದಿದ್ದರೆ ಈ ಸ್ಥಾನಗಳು ಯಾವ ಜಾತಿಯ ಹೆಣ್ಣುಮಕ್ಕಳ ಪಾಲಾಗುತ್ತವೆ? ಹಿಂದುಳಿದ ವರ್ಗಗಳ ಕುರಿತ ಹಾವನೂರು ವರದಿಯನ್ನೂ ಮಂಡಲ್ ವರದಿಯನ್ನೂ ಕಂಡ ದೇಶದಲ್ಲಿ ಇದನ್ನು ಕೇಳದಿದ್ದರೇ ತಪ್ಪು. ಆದರೆ 1997ರಲ್ಲಿ ಶರದ್ ಯಾದವ್ ಅದನ್ನು ಕೇಳಿದ್ದು ಕೂದಲು ಕತ್ತರಿಸಿಕೊಂಡ ಹೆಂಗಸರು ನಮ್ಮ ಹಳ್ಳಿಯ ಹೆಂಗಸರ ಬಗ್ಗೆ ಏನು ಮಾತನಾಡಿಯಾರು ಎಂಬ ಧಾಟಿಯಲ್ಲಿ. 2010ರಲ್ಲಿ ರಾಜ್ಯಸಭೆ ಮಸೂದೆಗೆ ಒಪ್ಪಿಗೆ ಕೊಟ್ಟ ಹೊತ್ತಿಗೆ ಮುಲಾಯಂ ಸಿಂಗ್ ಯಾದವ್, ಹೀಗೆ ಆರಿಸಿ ಬಂದ ಮಹಿಳೆಯರನ್ನು ಕಂಡು ಪಡ್ಡೆಗಳು ಸಿಳ್ಳೆ ಹಾಕುತ್ತಾರೆ ಎಂದರು. ಇವೆರಡು ಮಾತು ಜನರ ನೆನಪಿನಲ್ಲಿ ಉಳಿದವು. ಒಳಮೀಸಲಾತಿಯ ವಾದ ಹೆಣ್ಣುದ್ವೇಷಿಗಳ ನೆಪವೆಂದು ಹೆಸರು ಕೆಡಿಸಿಕೊಂಡಿತು. 2023ರಲ್ಲಿ ಸಂವಿಧಾನದ 106ನೇ ತಿದ್ದುಪಡಿಗೆ ಅಂಗೀಕಾರ ಸಿಕ್ಕಾಗ ಅದರಲ್ಲಿ ಪರಿಶಿಷ್ಟರಿಗೆ ಒಳಪಾಲು ಇತ್ತು, ಹಿಂದುಳಿದ ವರ್ಗಗಳ ಮಹಿಳೆಯರಿಗೆ ಇರಲಿಲ್ಲ. ಇದಕ್ಕೆ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಇಬ್ಬರ ನಾಲಿಗೆಯ ಮೇಲೆ ಹೊರಿಸಲಾಗದು. ಆದರೂ ಒಂದು ನ್ಯಾಯವಾದ ಬೇಡಿಕೆಯನ್ನು ಕೂದಲಿಗೂ ಸಿಳ್ಳೆಗೂ ಗಂಟು ಹಾಕಿ ಸೋಲಿಸಿದವರಲ್ಲಿ ಅದರ ವಕ್ತಾರರೇ ಮುಂದಿದ್ದರು.

ಇಲ್ಲಿಯವರೆಗೆ ಹೇಳಿದ್ದು ಮೇಲ್ನೋಟಕ್ಕೇ ಒರಟೆನಿಸುವ ಮಾತು. ಅದನ್ನು ಖಂಡಿಸುವುದು ಸುಲಭ. ಮೃದುವಾಗಿ, ಮರ್ಯಾದೆಯಾಗಿಯೇ ಬರುವ ಮಾತಿನ ಬಗ್ಗೆ ಏನು ಹೇಳುವುದು? ತಾಯಿ, ಅಕ್ಕ, ತಂಗಿ, ಮನೆಮಗಳು, ಸೊಸೆ ಎಂಬ ಸಂಬೋಧನೆಗಳಿಲ್ಲದೆ ಕನ್ನಡದ ರಾಜಕೀಯ ಭಾಷಣವೇ ಇಲ್ಲ. ಇದು ನಮ್ಮ ಸಂಸ್ಕೃತಿ, ಗೌರವ ಕೊಡುವ ರೀತಿ, ಇದರಲ್ಲೂ ಹುಳುಕು ಹುಡುಕಬೇಕೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮೇಲಾಗಿ ರಾಜಕಾರಣದ ಹೆಣ್ಣುಮಕ್ಕಳೇ ಈ ಸಂಬಂಧಗಳನ್ನು ಬಂಡವಾಳ ಮಾಡಿಕೊಂಡಿದ್ದಾರೆ. ತಮಿಳುನಾಡಿನಲ್ಲಿ ಜಯಲಲಿತಾ ‘ಅಮ್ಮ’, ಬಂಗಾಳದಲ್ಲಿ ಮಮತಾ ‘ದೀದಿ’, ಉತ್ತರ ಪ್ರದೇಶದಲ್ಲಿ ಮಾಯಾವತಿ ‘ಬೆಹನ್‌ಜಿ’. 2019ರಲ್ಲಿ ಸುಮಲತಾ ಅಂಬರೀಶ್ ಮತ ಕೇಳಿದ್ದು ಮಂಡ್ಯದ ಸೊಸೆಯಾಗಿ.

ಮಂಡ್ಯದ ಆ ಚುನಾವಣೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಸುಮಲತಾ ಅವರ ಪತಿ ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. ಮುಂದಿನ ಮಾರ್ಚ್‌ನಲ್ಲಿ ಸುಮಲತಾ ಚುನಾವಣೆಗೆ ನಿಲ್ಲುವ ಮಾತು ಕೇಳಿಬಂದಾಗ ಆಗಿನ ಲೋಕೋಪಯೋಗಿ ಸಚಿವ ಎಚ್.ಡಿ. ರೇವಣ್ಣ, ಗಂಡ ಸತ್ತು ಇನ್ನೂ ಹೆಚ್ಚು ದಿನವಾಗಿಲ್ಲ, ಇವರಿಗೆ ಆಗಲೇ ರಾಜಕೀಯ ಬೇಕಿತ್ತೇ ಎಂಬರ್ಥದಲ್ಲಿ ಮಾತನಾಡಿದರು. ಇದರಲ್ಲಿ ಬೈಗುಳವಿಲ್ಲ. ಮಾತನಾಡಿದವರಿಗೆ ತಾವು ಮನೆಯ ಹಿರಿಯರಂತೆ ಬುದ್ಧಿ ಹೇಳುತ್ತಿದ್ದೇವೆ ಎಂದೇ ಅನಿಸಿರಬಹುದು. ಸಂಬಂಧದ ಮಾತು ಮಾಡುವ ಕೆಲಸ ಇಲ್ಲಿ ಕಾಣುತ್ತದೆ. ಸೊಸೆ ಎಂದು ಒಪ್ಪಿಕೊಂಡ ಮೇಲೆ ಸೊಸೆಯ ನಡವಳಿಕೆಗೆ ಊರೆಲ್ಲ ಮಾವಂದಿರೇ. ಅವಳು ಯಾವಾಗ ಹೊಸ್ತಿಲು ದಾಟಬೇಕು, ಎಷ್ಟು ದಿನ ಶೋಕದಲ್ಲಿರಬೇಕು, ಎಷ್ಟು ಗಟ್ಟಿಯಾಗಿ ಮಾತನಾಡಬೇಕು ಎಂದು ಹೇಳುವ ಅಧಿಕಾರ ಎದುರಾಳಿಗೂ ಸಿಗುತ್ತದೆ. ಗಂಡಸು ಅಭ್ಯರ್ಥಿಗೆ ಈ ಕಾಟವಿಲ್ಲ. ಅದೇ ಕಣದಲ್ಲಿದ್ದ ನಿಖಿಲ್ ಕುಮಾರಸ್ವಾಮಿ ಮಾಜಿ ಪ್ರಧಾನಿಯ ಮೊಮ್ಮಗ, ಮುಖ್ಯಮಂತ್ರಿಯ ಮಗ. ಅವರ ಮೊಮ್ಮಗತನ ಅವರಿಗೆ ಟಿಕೆಟ್ ತಂದುಕೊಟ್ಟಿತೇ ವಿನಾ ಮನೆಯಲ್ಲಿರು ಎಂದು ಹೇಳಲಿಲ್ಲ. ಸಂಬಂಧದ ಹೆಸರನ್ನು ಹೆಣ್ಣೊಬ್ಬಳು ತಾನಾಗಿ ಆರಿಸಿಕೊಂಡಾಗ ಅದು ಮತದಾರರ ಹತ್ತಿರ ಹೋಗುವ ದಾರಿ, ನಿಜ. ಅದೇ ಹೆಸರು ಎದುರಾಳಿಯ ಬಾಯಲ್ಲಿ ಆಜ್ಞೆಯಾಗುತ್ತದೆ. 2021ರ ಬಂಗಾಳ ಚುನಾವಣೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ವೇದಿಕೆಯಿಂದ ‘ದೀದಿ ಓ ದೀದಿ’ ಎಂದು ರಾಗವಾಗಿ ಕರೆದಾಗ ಆ ‘ಅಕ್ಕ’ನಲ್ಲಿ ಎಷ್ಟು ಗೌರವವಿತ್ತೆಂದು ಕೇಳಿಸಿಕೊಂಡವರೆಲ್ಲರಿಗೂ ಗೊತ್ತು. ಮಂಡ್ಯದ ಮತದಾರರು ಸುಮಲತಾ ಅವರನ್ನು 1,25,876 ಮತಗಳ ಅಂತರದಿಂದ ಗೆಲ್ಲಿಸಿದರು. ಸೊಸೆಯೆಂದೇ ಗೆಲ್ಲಿಸಿರಬಹುದು, ಆದರೆ ಸಂಸತ್ತಿಗೆ ಹೋದ ಮೇಲೆ ಕಬ್ಬು ಬೆಳೆಗಾರರಿಗೆ, ಕಾವೇರಿಗೆ ಇವರು ಏನು ಮಾಡುತ್ತಾರೆ ಎಂಬ ವಿಚಾರಣೆ ಆ ಚುನಾವಣೆಯಲ್ಲಿ ಸರಿಯಾಗಿ ನಡೆಯಲೇ ಇಲ್ಲ.

ಹೊಗಳಿಕೆಯೂ ಇದೇ ಕೆಲಸ ಮಾಡಬಲ್ಲದು. ಇಂದಿರಾ ಗಾಂಧಿ ಪ್ರಧಾನಿಯಾದ ಹೊಸತರಲ್ಲಿ ಆಕೆಯನ್ನು ರಾಮಮನೋಹರ ಲೋಹಿಯಾ ಮೂಕ ಗೊಂಬೆ ಎಂದು ಗೇಲಿ ಮಾಡಿದರು. ಮುಂದೆ 1971ರ ಯುದ್ಧದ ಹೊತ್ತಿಗೆ ಅವರೇ ದುರ್ಗೆ. ಸಂಪುಟದಲ್ಲಿ ಇರುವ ಒಬ್ಬನೇ ಗಂಡಸು ಎಂಬ ಮೆಚ್ಚುಗೆಯೂ ಚಾಲ್ತಿಯಲ್ಲಿತ್ತು. ಗೊಂಬೆಯನ್ನು ಪ್ರಶ್ನಿಸಿ ಫಲವಿಲ್ಲ, ದೇವಿಯನ್ನು ಪ್ರಶ್ನಿಸುವ ಹಾಗಿಲ್ಲ. ದೇವಿಯ ಪಟ್ಟ ಕಟ್ಟಿದ ನಾಲ್ಕೇ ವರ್ಷಕ್ಕೆ ತುರ್ತು ಪರಿಸ್ಥಿತಿ ಬಂತೆಂಬುದನ್ನು ಮರೆಯಬಾರದು. ಕಾರಣ-ಪರಿಣಾಮ ಅಷ್ಟು ಸರಳವಲ್ಲವಾದರೂ, ಪ್ರಧಾನಿಯನ್ನು ಪ್ರಧಾನಿಯೆಂದು ನೋಡುವ ಅಭ್ಯಾಸ ತಪ್ಪಿದರೆ ಆಗುವ ಅಪಾಯ ಅದರಲ್ಲಿದೆ. ರೂಪದ ಹೊಗಳಿಕೆಯ ಬಗ್ಗೆಯೂ 2013ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಮೀಕ್ಷೆ ಗಮನಾರ್ಹ. ಮಹಿಳಾ ಅಭ್ಯರ್ಥಿಯ ಉಡುಗೆ-ತೊಡುಗೆ, ಚೆಲುವಿನ ಪ್ರಸ್ತಾಪ ಬಂದ ಸುದ್ದಿ ಓದಿದ ಮತದಾರರ ಒಲವು ಆಕೆಯ ಬಗ್ಗೆ ಕಡಿಮೆಯಾಯಿತು. ಪ್ರಸ್ತಾಪ ಹೊಗಳಿಕೆಯಾಗಿದ್ದಾಗಲೂ ಹಾಗೆಯೇ. ಆಕೆ ನೇರವಾಗಿ ಪ್ರತಿಭಟಿಸಿದಾಗ ಕಳೆದದ್ದರಲ್ಲಿ ಸ್ವಲ್ಪ ಮರಳಿ ಬಂತು. ಕಾಲ್ಪನಿಕ ಅಭ್ಯರ್ಥಿಗಳನ್ನಿಟ್ಟು ಮಾಡಿದ ಸಮೀಕ್ಷೆ ಅದು, ಮಹಿಳಾಪರ ಸಂಸ್ಥೆಗಳೇ ಮಾಡಿಸಿದ್ದು, ವೇದವಾಕ್ಯವೆಂದು ಒಪ್ಪಬೇಕಿಲ್ಲ. ಆದರೂ ‘ಹೊಗಳಿದರೂ ತಪ್ಪೇ’ ಎಂದು ಕೇಳುವವರು ಒಮ್ಮೆ ಯೋಚಿಸಲು ಅದು ಸಾಕು.

ಇನ್ನೊಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಗಂಡಸು ರಾಜಕಾರಣಿಗಳೇನು ಬೈಸಿಕೊಳ್ಳುವುದಿಲ್ಲವೇ? ಕಳ್ಳ, ಸುಳ್ಳ, ಜೋಕರ್, ಪೇಪರ್ ಹುಲಿ, ಏನೆಲ್ಲ ಅನಿಸಿಕೊಳ್ಳುತ್ತಾರೆ. ರಾಜಕೀಯಕ್ಕೆ ಬಂದ ಮೇಲೆ ಚರ್ಮ ದಪ್ಪ ಇರಬೇಕು, ಹೆಣ್ಣಿಗೆ ಮಾತ್ರ ರಿಯಾಯಿತಿ ಕೇಳುವುದು ಸಮಾನತೆಯೇ? ರಿಯಾಯಿತಿ ಬೇಡವೇ ಬೇಡ. ಹೆಣ್ಣೆಂದು ಟೀಕೆಯನ್ನು ಮೆತ್ತಗೆ ಮಾಡುವುದೂ ಆಕೆಯನ್ನು ಸಣ್ಣವಳಾಗಿ ಕಾಣುವ ಇನ್ನೊಂದು ಬಗೆ. ಆದರೆ ಬೈಗುಳಗಳನ್ನು ಬಿಡಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕಳ್ಳ ಎಂದರೆ ಅದೊಂದು ಆರೋಪ, ಸಾಕ್ಷಿ ಕೇಳಬಹುದು. ಸುಳ್ಳ ಎಂದರೆ ಯಾವ ಸುಳ್ಳು ಎಂದು ವಾದಿಸಬಹುದು. ಅಡುಗೆಗೆ ಲಾಯಕ್ಕು ಎಂದರೆ ಅದಕ್ಕೆ ಸಾಕ್ಷಿ ಯಾವುದು, ಖಂಡನೆ ಯಾವುದು? ಇನ್ನು ಗಂಡಸನ್ನು ಅತ್ಯಂತ ಕೀಳಾಗಿ ಬೈಯಬೇಕಾದಾಗ ನಮ್ಮ ನಾಯಕರು ಎಲ್ಲಿಗೆ ಹೋಗುತ್ತಾರೆ ನೋಡಿ: ಬಳೆ ತೊಟ್ಟುಕೊಳ್ಳಲಿ, ಸೀರೆ ಉಟ್ಟುಕೊಳ್ಳಲಿ, ಗಂಡಸ್ತನ ಇದ್ದರೆ ಎದುರಿಗೆ ಬರಲಿ, ಒಂದೇ ಅಪ್ಪನಿಗೆ ಹುಟ್ಟಿದ್ದರೆ ರಾಜೀನಾಮೆ ಕೊಡಲಿ. ಸರ್ಕಾರದ ವಿರುದ್ಧ ಪ್ರತಿಭಟಿಸುವಾಗ ಅಧಿಕಾರಿಗಳ ಮೇಜಿನ ಮೇಲೆ ಬಳೆ ಇಡುವ ಪದ್ಧತಿಯನ್ನು ಕೆಲವು ಮಹಿಳಾ ಘಟಕಗಳೇ ನಡೆಸಿಕೊಂಡು ಬಂದಿವೆ. ಬೈಸಿಕೊಳ್ಳುವವನು ಗಂಡಸಾದರೂ ಕೀಳಾಗುವುದು ಹೆಣ್ಣೇ. ಹಾಗಾಗಿ ಇಬ್ಬರಿಗೂ ಸಮಾನವಾಗಿ ಬೀಳುತ್ತದೆ ಎಂಬ ವಾದ ನಿಲ್ಲುವುದಿಲ್ಲ.

ಪ್ರಮಾಣದಲ್ಲೂ ಸಮಾನತೆಯಿಲ್ಲ. 2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಭಾರತದ 95 ಮಹಿಳಾ ರಾಜಕಾರಣಿಗಳನ್ನು ಹೆಸರಿಸಿದ್ದ 1,14,716 ಟ್ವೀಟ್‌ಗಳನ್ನು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಪರಿಶೀಲಿಸಿತು. ಅವುಗಳಲ್ಲಿ ಶೇ 13.8ರಷ್ಟು, ಅಂದರೆ ಸುಮಾರು ಏಳರಲ್ಲಿ ಒಂದು, ನಿಂದನೆಯವು ಅಥವಾ ಆಕ್ಷೇಪಾರ್ಹವಾದವು. ಮುಸ್ಲಿಂ ಮಹಿಳೆಯರಾದರೆ ಧರ್ಮದ ನಿಂದನೆ ಉಳಿದವರಿಗಿಂತ ಸರಿಸುಮಾರು ಇಮ್ಮಡಿ. ಅಂತರ-ಸಂಸದೀಯ ಒಕ್ಕೂಟ 2016ರಲ್ಲಿ 39 ದೇಶಗಳ 55 ಸಂಸದೆಯರನ್ನು ಮಾತನಾಡಿಸಿದಾಗ ಶೇ 81.8ರಷ್ಟು ಮಂದಿ ಮಾನಸಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇದು ನಮ್ಮೂರೊಂದರ ಚಾಳಿಯಲ್ಲ, ಯಾವ ಒಂದು ಪಕ್ಷದ ಸ್ವತ್ತೂ ಅಲ್ಲ.

ಇನ್ನು ಬಾಯಿ ತಪ್ಪಿ ಬಂತು, ಹಳ್ಳಿ ಸೊಗಡು, ತಮಾಷೆಗೆ ಹೇಳಿದ್ದು ಎಂಬ ಸಮಜಾಯಿಷಿ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮಳೆ, ನೆರೆ, ಬೆಳೆನಷ್ಟದ ಬಗ್ಗೆ ಮಾತನಾಡಲು ಸದಸ್ಯರು ಸಮಯ ಕೇಳುತ್ತಿದ್ದರು. ಗದ್ದಲ ನಿಯಂತ್ರಿಸಲಾಗದೆ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ, ಇದನ್ನೇ ಅನುಭವಿಸಿಕೊಂಡು ಕೂರಬೇಕಷ್ಟೇ ಎಂಬ ಧಾಟಿಯಲ್ಲಿ ಬೇಸರ ತೋಡಿಕೊಂಡಾಗ, ಹಿಂದೆ ಸ್ವತಃ ಸ್ಪೀಕರ್ ಆಗಿದ್ದ ಕೆ.ಆರ್. ರಮೇಶ್ ಕುಮಾರ್ ಎದ್ದುನಿಂತು ಅತ್ಯಾಚಾರ ತಪ್ಪಿಸಲಾಗದಿದ್ದರೆ ಮಲಗಿ ಆನಂದಿಸಬೇಕು ಎಂಬ ಹಳಸಲು ಮಾತು ಉದುರಿಸಿದರು. ಸದನ ನಕ್ಕಿತು, ಪೀಠವೂ ನಕ್ಕಿತು. ರಮೇಶ್ ಕುಮಾರ್ ಓದಿಕೊಂಡವರು, ಒಳ್ಳೆಯ ಮಾತುಗಾರರೆಂದು ಹೆಸರಾದವರು. ಬಾಯಿ ತಪ್ಪುವ ಆಸಾಮಿ ಅಲ್ಲ. ಮರುದಿನ ಕ್ಷಮೆ ಕೇಳಿದರು. ಅವರದೇ ಪಕ್ಷದ ಅಂಜಲಿ ನಿಂಬಾಳ್ಕರ್ ಮತ್ತಿತರ ಶಾಸಕಿಯರು ಈ ಬಗ್ಗೆ ಮಾತನಾಡಲು ಮುಂದಾದಾಗ, ಕ್ಷಮೆ ಕೇಳಿದ್ದಾಗಿದೆ, ಮತ್ತೆ ಎಳೆಯುವುದು ಬೇಡ ಎಂಬುದೇ ಪೀಠದ ನಿಲುವಾಯಿತು. ಆಡಿದವರಿಗೆ ಸಮಯವಿತ್ತು, ನಗುವುದಕ್ಕೆ ಸಮಯವಿತ್ತು, ಕ್ಷಮೆಗೂ ಇತ್ತು, ಶಾಸಕಿಯರಿಗೆ ಇರಲಿಲ್ಲ. ಬೆಳೆ ಕಳೆದುಕೊಂಡ ರೈತನಂತೂ ಆ ಎರಡು ದಿನದ ಸುದ್ದಿಯಲ್ಲಿ ಕಾಣಿಸಲೇ ಇಲ್ಲ.

ಇಂಥದ್ದು ನಡೆಯಲು ಸಂಖ್ಯೆಯೂ ಒಂದು ಕಾರಣ. 2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಹತ್ತು. 1972ರಿಂದ 1978ರವರೆಗೆ ಸ್ಪೀಕರ್ ಆಗಿದ್ದ ಕೆ.ಎಸ್. ನಾಗರತ್ನಮ್ಮ ಅವರ ನಂತರ ಆ ಪೀಠದಲ್ಲಿ ಇನ್ನೊಬ್ಬ ಮಹಿಳೆ ಕೂತಿಲ್ಲ. ಮಂತ್ರಿಯಾದರೆ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಎಂಬುದು ಬರೆಯದ ಕಾನೂನು: ಮೋಟಮ್ಮ, ಉಮಾಶ್ರೀ, ಜಯಮಾಲಾ, ಶಶಿಕಲಾ ಜೊಲ್ಲೆ, ಲಕ್ಷ್ಮೀ ಹೆಬ್ಬಾಳ್ಕರ್, ಪಕ್ಷ ಯಾವುದಾದರೂ ಖಾತೆ ಅದೇ. ಗ್ರಾಮೀಣಾಭಿವೃದ್ಧಿಯನ್ನೂ ಇಂಧನವನ್ನೂ ನಿಭಾಯಿಸಿದ ಶೋಭಾ ಕರಂದ್ಲಾಜೆ ಅವರಂಥವರು ಅಪವಾದ. ಕೆಳಗೆ ಪಂಚಾಯಿತಿಗಳಲ್ಲಿ ಸಂಖ್ಯೆಯ ಕೊರತೆಯಿಲ್ಲ. 1987ರಲ್ಲೇ ಕಾಲು ಭಾಗ ಮೀಸಲಿಟ್ಟು ದೇಶಕ್ಕೆ ದಾರಿ ತೋರಿದ ರಾಜ್ಯ ಇದು, ಈಗ ಅರ್ಧದಷ್ಟು ಸ್ಥಾನ ಮಹಿಳೆಯರದೇ. ಅಲ್ಲಿ ಬೈಗುಳದ ಅಗತ್ಯವೇ ಬೀಳುವುದಿಲ್ಲ. ಮೇಡಂಗೆ ಅದೆಲ್ಲ ಗೊತ್ತಾಗಲ್ಲ, ಅವರ ಯಜಮಾನರ ಹತ್ತಿರ ಮಾತಾಡಿ ಎಂದರೆ ಸಾಕು.

ಹಾಗಾದರೆ ಮಾತಿಗೆಲ್ಲ ಕಡಿವಾಣ ಹಾಕಬೇಕೇ? ಖಂಡಿತ ಬೇಡ. ವಿಧಾನಮಂಡಲದಲ್ಲಿ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿ ರಕ್ಷಣೆ ಕೊಟ್ಟಿರುವುದು ಆಳುವವರನ್ನು ಹೆದರದೆ ಪ್ರಶ್ನಿಸಲಿ ಎಂದು; ಅದನ್ನು ಸಡಿಲಿಸಿದರೆ ಮೊದಲು ಬಾಯಿ ಮುಚ್ಚುವುದು ವಿರೋಧ ಪಕ್ಷದ್ದು. ಕಡತದಿಂದ ತೆಗೆಯುವ ಈಗಿನ ಪದ್ಧತಿಯೂ ಪರಿಹಾರವಲ್ಲ. ಅದರಿಂದ ಆಡಿದವರ ದಾಖಲೆ ಚೊಕ್ಕವಾಗುತ್ತದೆ, ಅನ್ನಿಸಿಕೊಂಡವರ ಸಾಕ್ಷಿ ಇಲ್ಲವಾಗುತ್ತದೆ. ‘ಯಾರ ಮನಸ್ಸಿಗಾದರೂ ನೋವಾಗಿದ್ದರೆ’ ಎಂದು ಶುರುವಾಗುವ ವಿಷಾದವಂತೂ ತಪ್ಪನ್ನು ಕೇಳಿಸಿಕೊಂಡವರ ಮನಸ್ಸಿಗೇ ದಾಟಿಸುತ್ತದೆ. ಇದ್ದುದರಲ್ಲಿ ಚುನಾವಣಾ ಆಯೋಗದ ಒಂದು ಕ್ರಮ ಸರಿಯಾದ ದಿಕ್ಕಿನಲ್ಲಿದೆ. 2019ರಲ್ಲಿ ಜಯಪ್ರದಾ ಬಗ್ಗೆ ಆಡಿದ ಮಾತಿಗೆ ಆಜಂ ಖಾನ್ ಅವರನ್ನು 72 ಗಂಟೆ, 2024ರಲ್ಲಿ ಹೇಮಾಮಾಲಿನಿ ಬಗ್ಗೆ ಆಡಿದ್ದಕ್ಕೆ ಕರ್ನಾಟಕದ ಕಾಂಗ್ರೆಸ್ ಉಸ್ತುವಾರಿ ರಣದೀಪ್ ಸುರ್ಜೇವಾಲಾ ಅವರನ್ನು 48 ಗಂಟೆ ಪ್ರಚಾರದಿಂದ ಹೊರಗಿಟ್ಟಿತು. ಚರ್ಚೆಯ ಸಮಯ ಕದ್ದವರಿಂದ ಸಮಯವನ್ನೇ ವಸೂಲು ಮಾಡುವುದು ನ್ಯಾಯ. ಸದನದಲ್ಲೂ ಹಾಗೆಯೇ ಆಗಬಹುದು: ಅಂಥ ಮಾತು ಬಂದ ಕೂಡಲೇ ಆಡಿದವರ ಪಾಲಿನ ಸಮಯ ನಿಲ್ಲಲಿ, ಅದು ಆ ಶಾಸಕಿಗೆ ಅಥವಾ ಅರ್ಧಕ್ಕೆ ನಿಂತ ವಿಷಯಕ್ಕೆ ಹೋಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಪೀಠದಲ್ಲಿ ಕೂತವರು ನಗದಿದ್ದರೆ ಸಾಕು.

ಪತ್ರಕರ್ತರ ಪಾಲಿಗೂ ಒಂದು ಕೆಲಸ ಉಳಿದಿದೆ. ಅವಹೇಳನದ ತುಣುಕನ್ನು ದಿನವಿಡೀ ತೋರಿಸಿ, ಕ್ಷಮೆ ಕೇಳುತ್ತೀರಾ ಎಂದು ಮೈಕ್ ಹಿಡಿಯುವುದರ ಬದಲು, ಆ ಮಾತಿಗೆ ಮೊದಲು ಚರ್ಚೆಯಲ್ಲಿದ್ದ ವಿಷಯ ಯಾವುದು, ಅದಕ್ಕೆ ನಿಮ್ಮ ಉತ್ತರವೇನು ಎಂದು ಇಬ್ಬರನ್ನೂ ಕೇಳಲಿ. 106ನೇ ತಿದ್ದುಪಡಿಯ ಮೀಸಲಾತಿ ಜಾರಿಯಾದ ದಿನ, ಈಗಿನ ಸ್ಥಾನಗಳ ಲೆಕ್ಕದಲ್ಲೇ ಹೇಳುವುದಾದರೆ, ನಮ್ಮ ವಿಧಾನಸಭೆಗೆ ಎಪ್ಪತ್ತೈದರ ಆಸುಪಾಸು ಶಾಸಕಿಯರು ಬರುತ್ತಾರೆ. ಅವರಲ್ಲಿ ಹಲವರು ಯಾರದೋ ಹೆಂಡತಿ, ಸೊಸೆ, ಮಗಳೇ ಆಗಿರುತ್ತಾರೆ. ಕೆಲವರು ದಡ್ಡರಿರುತ್ತಾರೆ, ಕೆಲವರು ಭ್ರಷ್ಟರಿರುತ್ತಾರೆ. ಆ ಹೊತ್ತಿಗಾದರೂ ಅವರನ್ನು ಬಿಡದೆ ಪ್ರಶ್ನಿಸುವುದನ್ನು ನಾವು ಕಲಿತಿರಬೇಕು. ಪ್ರಶ್ನೆ ಅವರ ಕ್ಷೇತ್ರದ್ದಾಗಿರಲಿ, ಅವರ ಖಾತೆಯದ್ದಾಗಿರಲಿ, ಅವರು ಹಾಕಿದ ಮತದ್ದಾಗಿರಲಿ.